ಕ್ರಿಸ್‌ಮಸ್‌ಗೆ ನ್ಯೂಜಿಲೆಂಡಲ್ಲಿ ಕ್ಯಾಂಪರ್‌ವ್ಯಾನ್: ಟ್ಯಾಂಕ್ ಖಾಲಿ ಮಾಡೋದು ಕಲಿತ್ಕೊಂಡು ಹೋಗಿ

ಡಿಸೆಂಬರ್ ಕೊನೆಗೆ ನ್ಯೂಜಿಲೆಂಡಿಗೆ ಹೋಗಿ ಗಂಡ ಹೆಂಡತಿ ಇಬ್ಬರೇ ಕ್ಯಾಂಪರ್‌ವ್ಯಾನಲ್ಲಿ, ಅಂದ್ರೆ ಮಲಗೋಕೆ, ಅಡುಗೆಗೆ, ಟಾಯ್ಲೆಟ್ಟಿಗೆ ಒಳಗೇ ಜಾಗ ಇರೋ ವ್ಯಾನಲ್ಲಿ ಸುತ್ತಬೇಕು ಅಂತ ಹೊರಡೋರು ನನ್ನ ಹತ್ರ ಕೇಳೋದೆಲ್ಲ ಯಾವ ಸರೋವರ ಚೆನ್ನಾಗಿದೆ, ಯಾವ ಗ್ಲೇಸಿಯರ್ ನೋಡ್ಬೇಕು, ಮಿಲ್ಫರ್ಡ್ ಸೌಂಡಲ್ಲಿ ಯಾವ ಬೋಟು ಅಂತಾನೇ. ಅವೆಲ್ಲ ಚೆನ್ನಾಗೇ ಇವೆ, ಎಲ್ಲಿಗೆ ಹೋದ್ರೂ ನಷ್ಟ ಇಲ್ಲ. ಆದ್ರೆ ರಜೆ ಕೆಡೋದು ಅಲ್ಲಲ್ಲ. ಕೆಡೋದು ವ್ಯಾನಿನ ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋ ಜಾಗದಲ್ಲಿ, ಮತ್ತೆ 25ನೇ ತಾರೀಕು ಅಂಗಡಿ ಬಾಗಿಲ ಮುಂದೆ. ಇವೆರಡರಲ್ಲೂ ಜನ ಪರದಾಡೋದನ್ನ ಕಣ್ಣಾರೆ ನೋಡಿ ನೋಡಿ ಇದನ್ನ ಬರೀತಿದೀನಿ.

1. ಬುಕಿಂಗ್

ಅಲ್ಲಿ ಡಿಸೆಂಬರ್ ಅಂದ್ರೆ ಬೇಸಿಗೆ, ಸ್ಕೂಲುಗಳಿಗೆ ದೊಡ್ಡ ರಜೆ, ಊರಿಗೆ ಊರೇ ಟೆಂಟು ಕಟ್ಕೊಂಡು ಹೊರಟಿರತ್ತೆ. ಆರು ತಿಂಗಳು ಮುಂಚೆ ವ್ಯಾನು, ಅದರ ಹಿಂದೇನೇ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ವ್ಯಾನ್ ನಿಲ್ಲಿಸಿ ರಾತ್ರಿ ಉಳಿಯೋ ಹಾಲಿಡೇ ಪಾರ್ಕುಗಳನ್ನ ಬುಕ್ ಮಾಡಿ. ಆ ವಾರದಲ್ಲಿ ಎಷ್ಟೋ ಪಾರ್ಕಿನವರು ಒಂದೇ ರಾತ್ರಿಗೆ ಜಾಗ ಕೊಡಲ್ಲ, ಎರಡು ಮೂರು ರಾತ್ರಿಯಾದ್ರೂ ಇರಬೇಕು ಅಂತಾರೆ, ಅದು ಒಳ್ಳೇದೇ ಅನ್ಕೊಳ್ಳಿ, ದಿನಾ ಜಾಗ ಬದಲಾಯಿಸೋದು ಪ್ರವಾಸ ಅಲ್ಲ, ಡ್ರೈವರ್ ಕೆಲಸ. ವೀಸಾ ಕೂಡ ಆಗಲೇ ಹಾಕಿಬಿಡಿ, ಭಾರತದ ಪಾಸ್‌ಪೋರ್ಟಿನವರಿಗೆ ವಿಸಿಟರ್ ವೀಸಾ ಬೇಕೇ ಬೇಕು.

ಎರಡೂ ದ್ವೀಪ ನೋಡ್ತೀವಿ ಅನ್ನೋರಿಗೆ ನಾನು ಬೇಡ ಅಂತಾನೇ ಹೇಳೋದು. ವೆಲಿಂಗ್ಟನ್‌ನಿಂದ ಪಿಕ್ಟನ್‌ಗೆ ಫೆರಿಯಲ್ಲೇ ಮೂರೂವರೆ ಗಂಟೆ, ರಜೆ ಟೈಮಲ್ಲಿ ವ್ಯಾನಿಗೆ ಟಿಕೆಟ್ ಸಿಗೋದೇ ಕಷ್ಟ, ಹತ್ತಿಸೋದು ಇಳಿಸೋದು ಎಲ್ಲ ಸೇರಿ ಒಂದು ದಿನ ಹೋಯ್ತು. ದಕ್ಷಿಣ ದ್ವೀಪ ಒಂದು ಸಾಕು. ಕ್ರೈಸ್ಟ್‌ಚರ್ಚಲ್ಲಿ ವ್ಯಾನ್ ತಗೊಂಡು ಟೆಕಪೊ, ಮೌಂಟ್ ಕುಕ್, ಕ್ರಾಮ್ವೆಲ್, ಟೆ ಆನೌ ಕಡೆಯಿಂದ ಮಿಲ್ಫರ್ಡ್, ವಾಪಸ್ ವನಾಕಾ, ಹಾಸ್ಟ್ ಪಾಸ್ ದಾಟಿ ವೆಸ್ಟ್ ಕೋಸ್ಟ್, ಆರ್ಥರ್ಸ್ ಪಾಸಿಂದ ಮತ್ತೆ ಕ್ರೈಸ್ಟ್‌ಚರ್ಚ್. ಎರಡು ವಾರಕ್ಕೆ ಬೇಕಾದಷ್ಟಾಯ್ತು.

2. ಯಾವ ವ್ಯಾನು

ಇಬ್ಬರಿಗೆ ಎರಡು ಬರ್ತಿನ ಎತ್ತರದ ಛಾವಣಿ ವ್ಯಾನು, ಒಳಗೇ ಫಿಕ್ಸ್ ಆಗಿರೋ ಟಾಯ್ಲೆಟ್ಟು, ಆಟೋಮ್ಯಾಟಿಕ್ ಗೇರು. ಇಷ್ಟೇ. ಜಾಗ ಜಾಸ್ತಿ ಇರಲಿ ಅಂತ ಆರು ಬರ್ತಿಂದು ತಗೋಬೇಡಿ, ಗಾಳಿಗೆ ಓಲಾಡತ್ತೆ, ಪಾರ್ಕಿಂಗ್ ಸಿಗಲ್ಲ, 3500 ಕೆಜಿ ದಾಟಿದ ಗಾಡಿಗೆ ಹೈವೇಲಿ ಸ್ಪೀಡ್ ಲಿಮಿಟ್ಟೂ 100 ಅಲ್ಲ, 90.

ಇನ್ನು ಸೋವಿಗೆ ಸಿಗತ್ತೆ ಅಂತ ಹಾಸಿಗೆ ಕೆಳಗೆ ಸಣ್ಣ ಪೋರ್ಟಬಲ್ ಪೊಟ್ಟಿ ಇಟ್ಟು ಸೆಲ್ಫ್ ಕಂಟೇನ್ಡ್ (ನೀರು, ಟಾಯ್ಲೆಟ್ಟು ಎಲ್ಲ ಒಳಗೇ ಇದೆ) ಅನ್ನೋ ಹಳೇ ವ್ಯಾನುಗಳಿವೆಯಲ್ಲ, ಅವುಗಳ ಸಹವಾಸವೇ ಬೇಡ. 2023ರ ಜೂನಲ್ಲಿ ಕಾನೂನು ಬದಲಾಯ್ತು. ಈಗ ಫ್ರೀಡಂ ಕ್ಯಾಂಪಿಂಗ್ ಅಂದ್ರೆ ಊರಿನ ಕೌನ್ಸಿಲ್ ಅನುಮತಿ ಕೊಟ್ಟ ಜಾಗದಲ್ಲಿ ದುಡ್ಡಿಲ್ಲದೆ ರಾತ್ರಿ ನಿಲ್ಲಿಸಬೇಕಾದ್ರೆ ಟಾಯ್ಲೆಟ್ ಗಾಡಿಗೆ ಫಿಕ್ಸ್ ಆಗಿರಬೇಕು, ಹಾಸಿಗೆ ಹಾಸಿದ ಮೇಲೂ ಅದನ್ನ ಬಳಸೋಕೆ ಆಗ್ಬೇಕು, ಗಾಡಿ ಸೆಲ್ಫ್ ಕಂಟೇನ್ಡ್ ಅನ್ನೋದಕ್ಕೆ ಗಾಜಿನ ಮೇಲೆ ಹಸಿರು ಬಣ್ಣದ ವಾರೆಂಟ್ ಕಾರ್ಡ್ ಇರಬೇಕು. ನಿಲ್ಲಿಸಬಾರದ ಕಡೆ ನಿಲ್ಲಿಸಿದ್ರೆ 400 ನ್ಯೂಜಿಲೆಂಡ್ ಡಾಲರ್‌ನಿಂದ ದಂಡ ಶುರು. ವ್ಯಾನ್ ತಗೊಳ್ಳೋವಾಗ ಆ ಹಸಿರು ಕಾರ್ಡನ್ನೂ ಅದರ ಮೇಲಿರೋ ತಾರೀಕನ್ನೂ ನೀವೇ ನೋಡಿ.

ಇನ್ಶೂರೆನ್ಸಲ್ಲಿ ಜಿಪುಣತನ ಮಾಡ್ಬೇಡಿ, ಎಕ್ಸೆಸ್, ಅಂದ್ರೆ ಡ್ಯಾಮೇಜಾದ್ರೆ ನಾವೇ ಕೈಯಿಂದ ಕಟ್ಟಬೇಕಾದ ಪಾಲು, ಸೊನ್ನೆ ಇರೋದನ್ನೇ ತಗೊಳ್ಳಿ. ಅದರಲ್ಲೂ ಛಾವಣಿಗೆ ಮತ್ತೆ ತಳಕ್ಕೆ ಆದ ಡ್ಯಾಮೇಜು ಎಷ್ಟೋ ಸಲ ಸೇರಿರಲ್ಲ, ಓದಿ ಸೈನ್ ಮಾಡಿ. ಕ್ವೀನ್ಸ್‌ಟೌನ್ ಹತ್ರದ ಸ್ಕಿಪ್ಪರ್ಸ್ ಕಣಿವೆ ರಸ್ತೆಗೆ ಬಾಡಿಗೆ ಗಾಡಿ ಇಳಿಸಿದ್ರಂತೂ ಇನ್ಶೂರೆನ್ಸ್ ಇಲ್ಲ ಅಂತಾನೇ ಲೆಕ್ಕ.

3. ಊರಿಂದ ಏನು ಒಯ್ಯಬೇಕು

ಏರ್‌ಪೋರ್ಟಲ್ಲಿ ತಿನ್ನೋ ಪದಾರ್ಥ ಏನಿದ್ರೂ, ಒಂದು ಪ್ಯಾಕೆಟ್ ಚಟ್ನಿಪುಡಿ ಇದ್ರೂ, ಡಿಕ್ಲೇರ್ ಮಾಡಿ. ಮಾಡದೆ ಸಿಕ್ಕಿಬಿದ್ರೆ ಸ್ಥಳದಲ್ಲೇ 400 ಡಾಲರ್ ದಂಡ. ಜೇನುತುಪ್ಪ, ಹಣ್ಣು, ಹಸಿ ಕರಿಬೇವು ಇವೆಲ್ಲ ಮನೇಲೇ ಇರಲಿ. ಅಂಗಡಿಯಲ್ಲಿ ಸೀಲ್ ಆಗಿರೋ ಸಾಂಬಾರ್ ಪುಡಿ, ಇಂಗು ತೋರಿಸಿ ಕೇಳಿ, ಬಿಟ್ರೆ ತಗೊಂಡು ಹೋಗಿ. ಅಕ್ಕಿ ಬೇಳೆ ಹೊತ್ಕೊಂಡು ಹೋಗೋದ್ರಲ್ಲಿ ಅರ್ಥ ಇಲ್ಲ, ಕ್ರೈಸ್ಟ್‌ಚರ್ಚಲ್ಲಿ ಇಂಡಿಯನ್ ಅಂಗಡಿಗಳಿವೆ. ಟ್ರೆಕ್ಕಿಂಗ್ ಶೂ ಮಣ್ಣಿಲ್ಲದ ಹಾಗೆ ತೊಳೆದು ಇಟ್ಕೊಳ್ಳಿ, ಅದನ್ನೂ ನೋಡ್ತಾರೆ. ಎರಡು ಲೀಟರಿನ ಸಣ್ಣ ಕುಕ್ಕರ್ ಒಂದು ಖಂಡಿತ ಒಯ್ಯಿರಿ. ಡ್ರೈವಿಂಗ್ ಲೈಸೆನ್ಸಿನ ಕಾರ್ಡ್ ಒರಿಜಿನಲ್ಲೇ ಜೊತೆಗಿರಬೇಕು, ಫೋನಲ್ಲಿರೋದನ್ನ ನಂಬ್ಕೊಬೇಡಿ.

4. ಓಡಿಸೋದು

ನಮ್ಮ ಹಾಗೇ ಎಡಗಡೆ, ಅಷ್ಟರ ಮಟ್ಟಿಗೆ ಆರಾಮ. ಒಂದೇ ಲೇನಿನ ಸೇತುವೆ ಬಂದಾಗ ಬೋರ್ಡ್ ನೋಡಿ, ನಿಮ್ಮ ಕಡೆಯ ಬಾಣ ಸಣ್ಣದಾಗಿ ಕೆಂಪಗಿದ್ರೆ ನೀವು ನಿಲ್ಲಬೇಕು. ಹಿಂದೆ ಗಾಡಿಗಳ ಸಾಲು ಬೆಳೀತಿದ್ರೆ ಪಕ್ಕಕ್ಕೆ ಹೋಗಿ ದಾರಿ ಬಿಡಿ, ಅಲ್ಲಿನ ಜನಕ್ಕೆ ಸಿಟ್ಟು ಬರೋದೇ ಇದಕ್ಕೆ. ಬಾಗಿಲು ತೆಗೆಯುವಾಗ ಎರಡೂ ಕೈಯಲ್ಲಿ ಗಟ್ಟಿ ಹಿಡ್ಕೊಳ್ಳಿ, ಕ್ಯಾಂಟರ್ಬರಿ ಕಡೆ ಬೀಸೋ ವಾಯವ್ಯದ ಗಾಳಿಗೆ ಬಾಗಿಲಿನ ಕೀಲೇ ಮುರಿಯತ್ತೆ. ಮಿಲ್ಫರ್ಡಿಗೆ ಹೋಗೋ ಮುಂಚೆ ಟೆ ಆನೌನಲ್ಲೇ ಡೀಸೆಲ್ ಟ್ಯಾಂಕ್ ಫುಲ್ ಮಾಡಿಸಿ, ಹೋಗೋಕೇ ಸುಮಾರು 120 ಕಿ.ಮೀ. ಇದೆ.

5. ಟ್ಯಾಂಕ್ ಖಾಲಿ ಮಾಡೋದು

ಇಲ್ಲಿ ನಿಧಾನವಾಗಿ ಓದಿ. ಗಂಡ ಹೆಂಡತಿ ಇಬ್ಬರೂ ಓದಿ, ಯಾಕಂದ್ರೆ "ರೀ, ಅದೆಲ್ಲ ನೀವೇ ನೋಡ್ಕೊಳ್ಳಿ" ಅಂತ ಒಬ್ಬರ ತಲೆಗೆ ಕಟ್ಟಿದ ಜೋಡಿಗಳೇ ಡಂಪ್ ಸ್ಟೇಷನ್ನಿನಲ್ಲಿ, ಅಂದ್ರೆ ಕೊಳಕು ಟ್ಯಾಂಕ್ ಸುರಿಯೋ ಜಾಗದಲ್ಲಿ ಜಗಳ ಆಡೋದು.

ವ್ಯಾನಲ್ಲಿ ಮೂರು ಕಡೆ ನೀರಿರತ್ತೆ. ಒಂದು ಒಳ್ಳೆ ನೀರಿನ ಟ್ಯಾಂಕು. ಎರಡನೇದು ಸಿಂಕು ಮತ್ತೆ ಶವರಿನ ನೀರು ಹೋಗೋ ಗ್ರೇ ವಾಟರ್ ಟ್ಯಾಂಕು, ನಮ್ಮ ಮಾತಲ್ಲಿ ಮುಸುರೆ ನೀರು. ಮೂರನೇದು ಟಾಯ್ಲೆಟ್ ಕೆಳಗಿನ ಕ್ಯಾಸೆಟ್ಟು, ಹೊರಗಿಂದ ಸಣ್ಣ ಬಾಗಿಲು ತೆಗೆದು ಎಳೆದು ಹೊರಗೆ ತೆಗೆಯೋ ಪೆಟ್ಟಿಗೆ, ಸುಮಾರು 17ರಿಂದ 20 ಲೀಟರ್ ಹಿಡಿಯತ್ತೆ.

ಕ್ಯಾಸೆಟ್ ತುಂಬಿತು ಅನ್ನೋ ಕೆಂಪು ಲೈಟು ಬರೋವರೆಗೂ ಕಾಯೋದು ಎಲ್ಲರೂ ಮಾಡೋ ಮೊದಲ ತಪ್ಪು. ತುಂಬಿದ ಕ್ಯಾಸೆಟ್ ಹೆಚ್ಚುಕಮ್ಮಿ 20 ಕೆಜಿ ತೂಗತ್ತೆ, ಎತ್ತಿ ಬಗ್ಗಿಸೋವಾಗ ಕೈ ನಡುಗತ್ತೆ, ಚೆಲ್ಲತ್ತೆ. ದಿನ ಬಿಟ್ಟು ದಿನ ಖಾಲಿ ಮಾಡಿ, ಅರ್ಧ ತುಂಬಿದ್ರೂ ಸರಿ. ಇನ್ನೊಂದು ವಿಷಯ, ಇದನ್ನ ಇಂಗ್ಲಿಷಿನವರ ವಿಡಿಯೋಗಳಲ್ಲಿ ಯಾರೂ ಹೇಳಲ್ಲ: ನಾವು ನೀರು ಬಳಸೋ ಜನ, ಆ ನೀರೆಲ್ಲ ಕ್ಯಾಸೆಟ್ಟಿಗೇ ಹೋಗತ್ತೆ, ಅದಕ್ಕೇ ಬೇರೆಯವರಿಗೆ ಎರಡು ಮೂರು ದಿನ ಬರೋದು ನಮಗೆ ಬೇಗನೇ ತುಂಬತ್ತೆ. ಬಾಯಿ ಸಣ್ಣ ಇರೋ ಪ್ಲಾಸ್ಟಿಕ್ ಬಾಟಲ್ ಇಟ್ಕೊಂಡು ಅಳತೆಯಲ್ಲಿ ಬಳಸಿ, ಪಾರ್ಕಲ್ಲಿ ಇರೋವಾಗ ಅಲ್ಲಿನ ಟಾಯ್ಲೆಟ್ಟಿಗೇ ಹೋಗಿ, ವ್ಯಾನಿಂದು ರಾತ್ರಿಗೆ ಮತ್ತೆ ದಾರಿಗೆ ಮಾತ್ರ.

ಡಂಪ್ ಸ್ಟೇಷನ್ ಎಲ್ಲಿದೆ ಅನ್ನೋದು ಕ್ಯಾಂಪರ್‌ಮೇಟ್ ಆ್ಯಪಲ್ಲಿ ಸಿಗತ್ತೆ. ಬೆಳಿಗ್ಗೆ ಹತ್ತಕ್ಕೆ ಮಾತ್ರ ಹೋಗ್ಬೇಡಿ, ಪಾರ್ಕುಗಳ ಚೆಕ್ ಔಟ್ ಸಾಮಾನ್ಯವಾಗಿ ಅದೇ ಹೊತ್ತಿಗೆ, ಕ್ರಿಸ್‌ಮಸ್ ವಾರದಲ್ಲಿ ಉದ್ದ ಕ್ಯೂ ಇರತ್ತೆ, ಹಿಂದೆ ಜನ ಕಾಯ್ತಿದಾರೆ ಅನ್ನೋ ಗಡಿಬಿಡಿಯಲ್ಲೇ ಅನಾಹುತ ಆಗೋದು. ಏಳೂವರೆಗೆ ಹೋಗಿ.

ಗ್ಲೌಸ್ ಹಾಕ್ಕೊಳ್ಳಿ. ಮೊದಲು ವ್ಯಾನ್ ಒಳಗೆ ಹೋಗಿ ಟಾಯ್ಲೆಟ್ ತಳದ ಬ್ಲೇಡ್ ಅನ್ನೋ ಸರಿಯೋ ಮುಚ್ಚಳ ಪೂರ್ತಿ ಮುಚ್ಚಿದ್ಯಾ ನೋಡಿ, ಅದು ತೆರೆದಿದ್ರೆ ಕ್ಯಾಸೆಟ್ ಹೊರಗೆ ಬರಲ್ಲ, ಬರ್ತಿಲ್ಲ ಅಂತ ಜೋರಾಗಿ ಎಳೆದು ಕ್ಲಿಪ್ ಮುರಿದುಕೊಂಡೋರನ್ನ ನೋಡಿದೀನಿ. ಆಮೇಲೆ ಹೊರಗಿಂದ ಲಾಕ್ ಎತ್ತಿ ಮೆಲ್ಲಗೆ ಎಳೀರಿ. ಚಕ್ರ ಇದ್ರೆ ಉರುಳಿಸ್ಕೊಂಡು ಹೋಗಿ. ಡಂಪ್ ಸ್ಟೇಷನ್ನಿನ ಸುರಿಯೋ ಗುಂಡಿ ಹತ್ರ ನಿಲ್ಲಿಸಿ, ಸುರಿಯೋ ಮೂತಿಯನ್ನ ಹೊರಕ್ಕೆ ತಿರುಗಿಸಿ, ಮುಚ್ಚಳ ತೆಗೆಯೋವಾಗ ಮೂತಿ ನಿಮ್ಮ ಕಡೆಗೂ ಇರಬಾರದು, ಪಕ್ಕದಲ್ಲಿ ನಿಂತವರ ಕಡೆಗೂ ಇರಬಾರದು. ಬಿಸಿಲಲ್ಲಿ, ಘಾಟಿ ಹತ್ತಿ ಬಂದ ಮೇಲೆ ಒಳಗೆ ಗಾಳಿ ಒತ್ತಿಕೊಂಡಿರತ್ತೆ, ಮುಚ್ಚಳ ತೆಗೆದ ತಕ್ಷಣ ಉಗಿಯತ್ತೆ.

ಈಗ ಮುಖ್ಯವಾದ್ದು. ಕ್ಯಾಸೆಟ್ ಮೇಲೆ ಹೆಬ್ಬೆರಳಿಗೆ ಸಿಗೋ ಹಾಗೆ ಒಂದು ಬಟನ್ ಇರತ್ತೆ, ಗಾಳಿ ಒಳಗೆ ಬಿಡೋದು. ಬಗ್ಗಿಸಿ ಮೂತಿ ಗುಂಡಿಯ ಮೇಲೆ ಬಂದ ಮೇಲೆ ಅದನ್ನ ಒತ್ತಿ ಹಿಡೀರಿ, ಸುರಿದು ಮುಗಿಯೋವರೆಗೂ ಬಿಡಬೇಡಿ. ಒತ್ತದೆ ಸುರಿದ್ರೆ ಎಣ್ಣೆ ಡಬ್ಬದಿಂದ ಎಣ್ಣೆ ಸುರಿದ ಹಾಗೆ ಗುಳುಕ್ ಗುಳುಕ್ ಅಂತ ತಡೆದು ತಡೆದು ಬರತ್ತೆ, ಕಾಲಿಗೆ ಎರಚತ್ತೆ. ನಿಲ್ಲಿಸಿರೋವಾಗಲೇ ಒತ್ತಿದ್ರೂ ಬಟನ್ ಹತ್ರದಿಂದ ಸಿಡಿಯಬಹುದು. ಬಗ್ಗಿಸಿದ ಮೇಲೆ ಒತ್ತು, ಮುಗಿದ ಮೇಲೆ ಬಿಡು, ಇಷ್ಟನ್ನ ಬಾಯಿಪಾಠ ಮಾಡ್ಕೊಳ್ಳಿ.

ಖಾಲಿ ಆದ್ಮೇಲೆ ಅಲ್ಲಿರೋ ತೊಳೆಯೋ ನಲ್ಲಿಯಿಂದ ಮೂರು ನಾಲ್ಕು ಲೀಟರ್ ಹಾಕಿ, ಮುಚ್ಚಳ ಹಾಕಿ ಅಲ್ಲಾಡಿಸಿ, ಮತ್ತೆ ಸುರೀರಿ. ಎರಡು ಸಲ ಮಾಡಿ. ಆಮೇಲೆ ಎರಡು ಲೀಟರ್ ನೀರು, ಪ್ಯಾಕೆಟ್ ಮೇಲೆ ಹೇಳಿದಷ್ಟು ಟಾಯ್ಲೆಟ್ ಕೆಮಿಕಲ್ಲು ಹಾಕಿ ವಾಪಸ್ ತಳ್ಳಿ, ಕ್ಲಿಕ್ ಅನ್ನೋವರೆಗೂ. ಕೆಮಿಕಲ್ಲು ಫಾರ್ಮಾಲ್ಡಿಹೈಡ್ ಇಲ್ಲದ್ದನ್ನೇ ತಗೊಳ್ಳಿ, ಸಣ್ಣ ಊರುಗಳಲ್ಲಿ ಇದೆಲ್ಲ ಹೋಗೋದು ಸೆಪ್ಟಿಕ್ ಟ್ಯಾಂಕಿಗೆ, ಫಾರ್ಮಾಲ್ಡಿಹೈಡ್ ಇರೋ ಆ ನೀಲಿ ಘಾಟು ದ್ರಾವಣ ಅಲ್ಲಿನ ಬ್ಯಾಕ್ಟೀರಿಯಾನೇ ಸಾಯಿಸತ್ತೆ. ಬ್ಲೀಚ್ ಹಾಕೋದು ಬೇಡವೇ ಬೇಡ, ರಬ್ಬರ್ ಸೀಲ್ ಒಣಗಿ ಸೋರತ್ತೆ. ವೆಟ್ ವೈಪ್ಸು, ಪ್ಯಾಡು, ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ರೂ, ಹಾಕಬೇಡಿ.

ಮುಸುರೆ ನೀರು ಇದಾದ್ಮೇಲೆ. ವ್ಯಾನಿನ ದಪ್ಪ ಪೈಪನ್ನ ಸಿಕ್ಕಿಸಿ, ಇನ್ನೊಂದು ತುದಿಯನ್ನ ಗುಂಡಿಯೊಳಕ್ಕೆ ತಳ್ಳಿ, ಒಬ್ಬರು ಕಾಲಲ್ಲೋ ಕೈಯಲ್ಲೋ ಅದನ್ನ ಒತ್ತಿ ಹಿಡೀರಿ, ಆಮೇಲೇ ಇನ್ನೊಬ್ಬರು ವಾಲ್ವ್ ತೆಗೀಬೇಕು, ಇಲ್ದಿದ್ರೆ ಪೈಪು ಹಾರಿ ಹೊರಗೆ ಬರತ್ತೆ. ಆಮೇಲೆ ಗುಂಡಿ ಸುತ್ತ ನೀರು ಹಾಕಿ ಚೊಕ್ಕ ಮಾಡಿ ಬನ್ನಿ, ನಿಮ್ಮ ಹಿಂದೆ ಬರೋರು ಕೂಡ ರಜೆಗೇ ಬಂದಿರೋದು.

ಮುಸುರೆ ಟ್ಯಾಂಕು ನಾರೋದು ನಮ್ಮ ಅಡುಗೆಯಿಂದಾನೇ ಜಾಸ್ತಿ. ಅನ್ನದ ಅಗುಳು, ಒಗ್ಗರಣೆ ಎಣ್ಣೆ, ಹುಣಸೆ ಹಣ್ಣಿನ ಚರಟ ಒಂದೂ ಸಿಂಕಿಗೆ ಹೋಗಬಾರದು. ಪಾತ್ರೆಯನ್ನ ಮೊದಲು ಟಿಶ್ಯೂನಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೀರಿ.

ಒಳ್ಳೆ ನೀರು ತುಂಬಿಸೋದು ಬೇರೆ ನಲ್ಲಿಯಲ್ಲಿ, ಬೇರೆ ಪೈಪಲ್ಲಿ. ಡಂಪ್ ಸ್ಟೇಷನ್ನಿನ ತೊಳೆಯೋ ನಲ್ಲಿಯಿಂದ ಕುಡಿಯೋ ನೀರು ತುಂಬಿಸ್ತಾ ನಿಂತವರನ್ನ ನಾನೇ ತಡೆದಿದೀನಿ, ಆ ನಲ್ಲಿಯ ಬಾಯಿ ಯಾವ್ಯಾವ ಕ್ಯಾಸೆಟ್ಟಿಗೆ ತಾಗಿರತ್ತೋ ಯೋಚನೆ ಮಾಡಿ.

6. ಕರೆಂಟು ಮತ್ತೆ ಗ್ಯಾಸು

ಮೈಕ್ರೋವೇವು, ಕೆಟಲ್ಲು ಪಾರ್ಕಿನ ಪವರ್ಡ್ ಸೈಟಲ್ಲಿ ಪ್ಲಗ್ ಹಾಕಿದಾಗ ಮಾತ್ರ. ಫ್ರಿಜ್ಜು, ಲೈಟು ಬ್ಯಾಟರಿಯಲ್ಲಿ, ಅದು ಓಡಿಸಿದಾಗ ಚಾರ್ಜ್ ಆಗತ್ತೆ. ಒಗ್ಗರಣೆಯನ್ನ ವ್ಯಾನ್ ಒಳಗೆ ಹಾಕ್ಬೇಡಿ, ಹಾಸಿಗೆಗೆ ಹಿಡಿದ ಇಂಗಿನ ವಾಸನೆ ಕೊನೇ ದಿನದವರೆಗೂ ಹೋಗಲ್ಲ. ಪಾರ್ಕಲ್ಲಿ ಎಲ್ಲರಿಗೂ ಅಂತ ಅಡುಗೆಮನೆ ಇರತ್ತೆ, ಅಲ್ಲಿ ಹಾಕಿ, ನಾಲ್ಕು ಜನ ಬಂದು ಏನು ಮಾಡ್ತಿದೀರಿ ಅಂತ ಕೇಳ್ತಾರೆ, ಮಾತು ಶುರುವಾಗೋದೇ ಅಲ್ಲಿಂದ. ಚಳಿ ಅಂತ ಗ್ಯಾಸ್ ಒಲೆ ಹಚ್ಚಿಟ್ಟು ಮಲಗೋದು ಜೀವಕ್ಕೆ ಅಪಾಯ, ಹೀಟರ್ ಇದೆ, ಅದನ್ನ ಹಾಕಿ.

7. 25ನೇ ತಾರೀಕು

ಆ ದಿನ ಕಾನೂನಿನ ಪ್ರಕಾರವೇ ಹೆಚ್ಚುಕಡಿಮೆ ಎಲ್ಲ ಅಂಗಡಿ ಬಂದ್, ಸೂಪರ್‌ಮಾರ್ಕೆಟ್ ಒಂದೂ ತೆಗೆದಿರಲ್ಲ. ಪೆಟ್ರೋಲ್ ಬಂಕು, ಡೇರಿ ಅನ್ನೋ ಸಣ್ಣ ಮೂಲೆ ಅಂಗಡಿ ಅಲ್ಲೊಂದು ಇಲ್ಲೊಂದು ಸಿಗಬಹುದು, ಅದನ್ನ ನೆಚ್ಕೊಂಡು ಕೂರೋ ಹಾಗಿಲ್ಲ. ವ್ಯಾನಿನ ಡಿಪೋಗಳೂ ಆ ದಿನ ಮುಚ್ಚಿರ್ತಾವೆ, ಹಾಗಾಗಿ 25ಕ್ಕೆ ಗಾಡಿ ತಗೊಳ್ಳೋ ಪ್ಲಾನ್ ಬೇಡ. 24ಕ್ಕೆ ಸೂಪರ್‌ಮಾರ್ಕೆಟ್ಟಲ್ಲಿ ಕಾಲಿಡೋಕೆ ಜಾಗ ಇರಲ್ಲ, 23ರ ಸಂಜೆಗೇ ಹಾಲು, ಮೊಸರು, ತರಕಾರಿ ಎಲ್ಲ ಮುಗಿಸಿ. ಡೀಸೆಲ್ ಫುಲ್, ಒಳ್ಳೆ ನೀರು ಫುಲ್, ಎರಡು ಕೊಳಕು ಟ್ಯಾಂಕೂ ಖಾಲಿ, ಹೀಗೆ 24ರ ಮಧ್ಯಾಹ್ನದೊಳಗೆ ಪಾರ್ಕಿಗೆ ಸೇರ್ಕೊಂಡುಬಿಡಿ. ಮರುದಿನ ವ್ಯಾನ್ ಅಲ್ಲಾಡಿಸಬೇಡಿ.

ಕ್ರಾಮ್ವೆಲ್ ಸುತ್ತ ಆಗ ಚೆರ್ರಿ ಹಣ್ಣಿನ ಕಾಲ, ದಾರಿ ಬದಿಯಲ್ಲೇ ಸಿಗತ್ತೆ, ದೊಡ್ಡ ಡಬ್ಬಾನೇ ತಗೊಳ್ಳಿ. ಪಾರ್ಕಲ್ಲಿ ಜನ ಬಾರ್ಬೆಕ್ಯೂ ಹಚ್ಚಿರ್ತಾರೆ, ಮಕ್ಕಳು ಕ್ರಿಕೆಟ್ ಆಡ್ತಿರ್ತಾವೆ, ಬಾ ಅಂತ ಕರೀತಾರೆ, ಹೋಗಿ ಆಡಿ. ಪಾವ್ಲೋವಾ ಅಂತ ಬಿಳಿ ಕೇಕ್ ಕೊಡ್ತಾರೆ, ಅದು ಮೊಟ್ಟೆಯ ಬಿಳಿ, ಸಕ್ಕರೆಯಿಂದ ಮಾಡೋದು, ತಿನ್ನದೇ ಇರೋರು ಮೊದಲೇ ಹೇಳಿಬಿಡಿ. ಕ್ವೀನ್ಸ್‌ಟೌನ್ ಕಡೆ ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗೋದು, ಟೆಕಪೊದಲ್ಲಿ ನಕ್ಷತ್ರ ನೋಡ್ಬೇಕಂದ್ರೆ ಹನ್ನೊಂದು ದಾಟೋವರೆಗೂ ಎದ್ದಿರಬೇಕು. ಬಿಸಿಲು ತಂಪಾಗಿದೆ ಅನ್ಸತ್ತೆ, ಆದ್ರೂ ಚರ್ಮ ಸುಡತ್ತೆ, ನಮ್ಮ ಬಣ್ಣಕ್ಕೆ ಏನೂ ಆಗಲ್ಲ ಅನ್ನಬೇಡಿ, ಸನ್‌ಸ್ಕ್ರೀನ್ ಹಚ್ಚಿ. ಮಿಲ್ಫರ್ಡ್, ವೆಸ್ಟ್ ಕೋಸ್ಟ್ ಕಡೆ ಸ್ಯಾಂಡ್‌ಫ್ಲೈ ಅನ್ನೋ ಸಣ್ಣ ಕಪ್ಪು ನೊಣ ಕಚ್ಚಿದ್ರೆ ವಾರಗಟ್ಟಲೆ ತುರಿಕೆ, ರಿಪೆಲೆಂಟ್ ಅಲ್ಲೇ ಕೊಂಡುಕೊಳ್ಳಿ, ಪರಿಮಳದ ಎಣ್ಣೆಗಳಿಗೆ ದುಡ್ಡು ಹಾಕ್ಬೇಡಿ.

26, ಜನವರಿ 1 ಮತ್ತೆ 2 ಕೂಡ ಸರ್ಕಾರಿ ರಜೆ. ಅಂಗಡಿಗಳು ತೆಗೆದಿರತ್ತೆ, ಹೋಟೆಲುಗಳಲ್ಲಿ ಮಾತ್ರ ಬಿಲ್ ಮೇಲೆ ಶೇ 15ರಷ್ಟು ಸರ್ಚಾರ್ಜ್ ಹಾಕೋದು ಮಾಮೂಲಿ.

8. ವಾಪಸ್ ಕೊಡೋದು

ಹಿಂದಿನ ರಾತ್ರಿ ಕ್ರೈಸ್ಟ್‌ಚರ್ಚ್ ಹತ್ರದ ಪಾರ್ಕಲ್ಲೇ ಉಳೀರಿ. ಬೆಳಿಗ್ಗೆ ಕ್ಯಾಸೆಟ್ ಮತ್ತೆ ಮುಸುರೆ ನೀರು ಖಾಲಿ ಮಾಡಿ, ಖಾಲಿ ಮಾಡದೆ ಕೊಟ್ರೆ ದೊಡ್ಡ ಚಾರ್ಜ್ ಹಾಕ್ತಾರೆ. ಡೀಸೆಲ್ ತುಂಬಿಸಿ ರಸೀದಿ ಇಟ್ಕೊಳ್ಳಿ. ಡೀಸೆಲ್ ಗಾಡಿಗೆ ಓಡಿಸಿದ ಕಿಲೋಮೀಟರ್ ಲೆಕ್ಕದಲ್ಲಿ ರೋಡ್ ಯೂಸರ್ ಚಾರ್ಜ್ ಅಂತ ಬೇರೆ ಇದೆ, ಬಾಡಿಗೆಯಲ್ಲಿ ಸೇರಿಲ್ಲದಿದ್ರೆ ಕೊನೆಯಲ್ಲಿ ಕಾರ್ಡಿಂದ ಕಟ್ ಆಗತ್ತೆ, ಅದಕ್ಕೆ ದುಡ್ಡು ಎತ್ತಿಡಿ. ವ್ಯಾನಿನ ನಾಲ್ಕೂ ಕಡೆ, ಛಾವಣಿ, ಒಳಗಿನ ಮೀಟರು ಎಲ್ಲದರ ವಿಡಿಯೋ ತಗೊಂಡು, ಡಿಪೋದವರು ನೋಡಿ ಸೈನ್ ಮಾಡಿದ ಮೇಲೇ ಕೀ ಕೊಡಿ.