ಹಬ್ಬದ ಊಟ ಬಿಡಲಿಲ್ಲ, ಡಬ್ಬ ಬಿಟ್ಟೆ

ಹಬ್ಬದ ದಿನ ಎಲೆ ತುಂಬ ಉಂಡರೆ ಯಾರೂ ದಪ್ಪ ಆಗೋದಿಲ್ಲ. ಬೇಕಾದರೆ ಲೆಕ್ಕ ಹಾಕಿ ನೋಡಿ. ಮೈಯಲ್ಲಿ ಒಂದು ಕೆಜಿ ಕೊಬ್ಬು ಸೇರಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿಂದಿರಬೇಕು. ಒಂದೇ ಮಧ್ಯಾಹ್ನ ಅಷ್ಟು ತಿನ್ನೋಕೆ ಭೀಮಸೇನನೇ ಬರಬೇಕು. ಆದರೂ ವರಮಹಾಲಕ್ಷ್ಮಿಯಿಂದ ತುಳಸಿ ಪೂಜೆ ಮುಗಿಯೋ ಹೊತ್ತಿಗೆ ಪ್ರತಿ ವರ್ಷ ನನ್ನ ರವಿಕೆಗಳೆಲ್ಲ ಬಿಗಿಯಾಗುತ್ತಿದ್ದವು. ಕಾರಣ ಸುಲಭ. ಹಬ್ಬ ಒಂದು ದಿನ, ಡಬ್ಬ ಹದಿನೈದು ದಿನ.

ನಮ್ಮದು ಮೈಸೂರು. ಅಡುಗೆಮನೆ ನನ್ನದೂ ಅತ್ತೆಯವರದೂ. ನನ್ನ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಕೆಲವು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಅಂಕಿ, 5.9 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು ಅಂತಾರೆ, ನನ್ನದು 91. ಡಾಕ್ಟರು ಸಿಹಿ ಪೂರ್ತಿ ಬಿಡಿ ಅಂದರು. ಕಡುಬಿಲ್ಲದ ಗಣೇಶನ ಹಬ್ಬ, ಹೋಳಿಗೆ ಇಲ್ಲದ ಯುಗಾದಿ ನನ್ನ ಕೈಲಾಗೋದಲ್ಲ. ಹಾಗಾಗಿ ಹಬ್ಬದ ಊಟ ಹೇಗಿತ್ತೋ ಹಾಗೇ ಇರಲಿ ಅಂತ ಬಿಟ್ಟು, ಉಳಿದದ್ದಕ್ಕೆ ಕೈ ಹಾಕಿದೆ.

ಶುರು ಮಾಡಿದ್ದು ಎಣ್ಣೆಯಿಂದ. ಗೋಕುಲಾಷ್ಟಮಿಗೆ ಚಕ್ಕುಲಿ ಕರಿಯುವಾಗ ಬಾಣಲೆಗೆ ಒಂದು ಲೀಟರ್ ಎಣ್ಣೆ ಅಳೆದು ಸುರಿದೆ. ಒಂದು ಕೆಜಿ ಹಿಟ್ಟಿನದ್ದು ಕರಿದು ಮುಗಿಸಿ, ಎಣ್ಣೆ ಆರಿದ ಮೇಲೆ ಸೋಸಿ ಮತ್ತೆ ಅಳೆದರೆ 700 ಎಂಎಲ್ ಚಿಲ್ಲರೆ. ಮಿಕ್ಕ 300 ಎಲ್ಲಿ? ಪೇಪರಿಗೆ ಅಂಟಿದ್ದು ಒಂದಿಷ್ಟು, ಉಳಿದದ್ದೆಲ್ಲ ಡಬ್ಬದೊಳಗೆ. ಹತ್ತಿರ ಹತ್ತಿರ ಎರಡೂವರೆ ಸಾವಿರ ಕ್ಯಾಲೊರಿ ಬರೀ ಕರಿದ ಎಣ್ಣೆಯದು. ಹಿಟ್ಟಿಗೆ ಕಲಸಿದ ಬೆಣ್ಣೆ ಬೇರೆ. ಅತ್ತೆಗೆ ತೋರಿಸಿದೆ. "ಕರಿದ ಎಣ್ಣೆ ಅಳೆಯೋ ಸೊಸೆನ ಇವತ್ತೇ ಕಣೆ ನಾನು ನೋಡಿದ್ದು" ಅಂದರು. ಆದರೆ ಮುಂದಿನ ಹಬ್ಬಕ್ಕೆ ಎರಡು ಸೇರು ಅಕ್ಕಿಯ ಬದಲು ಎರಡು ಪಾವು ನೆನೆಸಿದಾಗ ಅವರೇನೂ ತಕರಾರು ತೆಗೆಯಲಿಲ್ಲ. "ಕುಂಕುಮಕ್ಕೆ ಬಂದವರಿಗೆ ಏನು ಕೊಡ್ತೀಯ?" ಅಂತ ಮಾತ್ರ ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ನೈವೇದ್ಯ ಆದ ಕೂಡಲೇ ಕೊಡುವವರ ಪಾಲು ಪೊಟ್ಟಣ ಕಟ್ಟಿ ಎತ್ತಿಡುತ್ತೀನಿ. ಮಿಕ್ಕದ್ದು ಒಂದೇ ಒಂದು ಸಣ್ಣ ಡಬ್ಬಕ್ಕೆ, ಡಬ್ಬ ಮೇಲಿನ ಗೂಡಿಗೆ. ತಿನ್ನೋದಾದರೆ ತಟ್ಟೆಗೆ ಹಾಕಿಕೊಂಡು ಕೂತು ತಿನ್ನೋದು. ಓಡಾಡ್ತಾ ಡಬ್ಬಕ್ಕೆ ಕೈ ಹಾಕೋದು ಇಲ್ಲ. ಇದೊಂದರಿಂದಲೇ ಅರ್ಧ ಕೆಲಸ ಆಯಿತು ಅಂತ ನನ್ನ ಅಂದಾಜು.

ಬಡಿಸುವ ಹೆಂಗಸರದ್ದು ಇನ್ನೊಂದು ಪಾಡು ಇದೆ. ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು, ಪೂಜೆ ಆಗೋ ತನಕ ಏನೂ ಬಾಯಿಗೆ ಹಾಕದೆ, ಎಲ್ಲರಿಗೂ ಬಡಿಸಿ ನಾವು ಕೂರುವಾಗ ಎರಡೂವರೆ. ಆ ಹಸಿವಿಗೆ ಲೆಕ್ಕ ಇರುತ್ತಾ? ಈಗ ಬೆಳಿಗ್ಗೆ ಹಾಲು, ಬಾಳೆಹಣ್ಣು ತಗೋತೀನಿ. ನೈವೇದ್ಯ ಆದ ತಕ್ಷಣ, ಯಾರಿಗೂ ಬಡಿಸೋಕೆ ಮುಂಚೆ, ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ. ಬೇಳೆ, ತರಕಾರಿ ಮೊದಲು ಹೊಟ್ಟೆಗೆ ಹೋದರೆ ಆಮೇಲೆ ತಿಂದ ಅನ್ನದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತೆ. ಎಲೆ ಮುಂದೆ ಕೂತಾಗ ಹೋಳಿಗೆ ಹಾಕಿಸಿಕೊಳ್ತೀನಿ, ತುಪ್ಪಾನೂ ಹಾಕಿಸಿಕೊಳ್ತೀನಿ. ಅನ್ನ ಮಾತ್ರ ಸಾರಿಗೊಂದು ಸಲ, ಮೊಸರಿಗೆ ಒಂದು ತುತ್ತು. ಚಿತ್ರಾನ್ನವೂ ಅನ್ನವೇ ಅಲ್ವಾ, ಅದನ್ನ ತಿಂದ ದಿನ ಹುಳಿ ಅನ್ನ ಇಲ್ಲ.

ನೆಂಟರ ಮನೆಯಲ್ಲಿ ಉಪಚಾರ ತಪ್ಪಿಸೋಕೆ ಒಂದು ಉಪಾಯ ಇದೆ. ಎಲೆಯಲ್ಲಿ ಹೋಳಿಗೆ ಖಾಲಿ ಕಂಡರೆ ಬಡಿಸುವವರ ಕೈ ಸುಮ್ನಿರಲ್ಲ. ಅರ್ಧ ಹೋಳಿಗೆ ಎಲೆಯ ಮೇಲೇ ಉಳಿಸಿಕೊಂಡು, ಕೊನೇ ಸುತ್ತು ಹೋದಮೇಲೆ ತಿನ್ನಿ. "ಬೇಡ, ಸಾಕು" ಅಂತ ಎರಡೂ ಕೈ ಅಡ್ಡ ಹಿಡಿಯೋದಕ್ಕಿಂತ ಇದು ಮೇಲು, ಯಾರಿಗೂ ಬೇಜಾರಾಗೋದಿಲ್ಲ. ಬೆಲ್ಲದ್ದಾದರೆ ಏನೂ ಆಗಲ್ಲ ಅಂತ ಹೇಳಿ ಇನ್ನೊಂದು ಹಾಕೋರಿಗೆ ಒಂದು ಮಾತು: ಕ್ಯಾಲೊರಿ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಹಬ್ಬದ ರಾತ್ರಿ ನನಗೆ ಮಜ್ಜಿಗೆ, ಉಳಿದ ಪಲ್ಯ, ಅಷ್ಟೇ. ನಮ್ಮ ದೊಡ್ಡಮ್ಮ ಒಪ್ಪೊತ್ತು ಮಾಡ್ತಾರೆ. ರಾತ್ರಿ ಊಟ ಇಲ್ಲ, ಬರೀ ಫಲಹಾರ ಅಂತಾರೆ. ಆ ಫಲಹಾರದಲ್ಲಿ ತುಪ್ಪದ ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಮೇಲೊಂದು ಲೋಟ ಬಾದಾಮಿ ಹಾಲು. ಊಟವೇ ಹಗುರ ಅನಿಸುತ್ತೆ.

ನವರಾತ್ರಿ ನನಗೆ ಎಲ್ಲಕ್ಕಿಂತ ಸಲೀಸು. ದಿನಕ್ಕೊಂದು ಕಾಳಿನ ಉಸಲಿ: ಕಡ್ಲೆಕಾಳು, ಹೆಸರುಕಾಳು, ಅಲಸಂದೆ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಸಾಕು, ರಾತ್ರಿ ಊಟದ ಬದಲು ದೊಡ್ಡ ಬಟ್ಟಲು ತಿಂದರೂ ಚಿಂತೆ ಇಲ್ಲ. ಗೊಂಬೆ ನೋಡೋಕೆ ಮನೆಯಿಂದ ಮನೆಗೆ ನಡೆದೇ ಹೋಗ್ತೀವಿ. ಊರಿಗೆ ಊರೇ ದೀಪ ಹಾಕಿರುವಾಗ ಮನೆಯೊಳಗೆ ಕೂರೋಕೂ ಮನಸ್ಸಾಗಲ್ಲ. ದೀಪಾವಳಿಗೆ ಬರೋ ಸ್ವೀಟ್ ಬಾಕ್ಸ್ ಮಾತ್ರ ತಲೆನೋವು. ತೆರೆದರೆ ಮುಗೀತು ಅಂತ ತೆರೆಯದೆ ಹಾಗೇ ಕೊಟ್ಟುಬಿಡ್ತೀನಿ.

ಹಬ್ಬದ ಮಾರನೇ ದಿನ ತೂಕದ ಮೆಷಿನ್ ಹತ್ತಬೇಡಿ. ಒಂದೂವರೆ ಕೆಜಿ ಜಾಸ್ತಿ ತೋರಿಸಬಹುದು, ಹೆಚ್ಚಿನದ್ದು ನೀರು. ಹಪ್ಪಳ, ಉಪ್ಪಿನಕಾಯಿಯ ಉಪ್ಪು ನೀರು ಹಿಡಿದಿಡುತ್ತೆ. ಅನ್ನ, ಸಿಹಿಯಿಂದ ಮೈಯಲ್ಲಿ ಕೂಡಿಡುವ ಗ್ಲೈಕೋಜನ್ ತನ್ನ ತೂಕದ ಸುಮಾರು ಮೂರು ಪಟ್ಟು ನೀರು ಹಿಡಿದಿರುತ್ತೆ. ಆ ನಂಬರ್ ನೋಡಿ ಉಪವಾಸ ಕೂತು, ಸಂಜೆ ಡಬ್ಬ ಇಳಿಸಿದವರನ್ನ ನಮ್ಮ ಬೀದಿಯಲ್ಲೇ ಕಂಡಿದ್ದೀನಿ. ನಾನು ಸೋಮವಾರ ಬೆಳಿಗ್ಗೆ ಮಾತ್ರ ತೂಕ ನೋಡೋದು. ಸೊಂಟಕ್ಕೆ ತಿಂಗಳಿಗೊಂದು ಸಲ ಟೇಪು.

ಹೋದ ವರ್ಷ ತುಳಸಿ ಪೂಜೆ ಆದ ವಾರ ಮತ್ತೆ ರಕ್ತ ಕೊಟ್ಟು ಬಂದೆ. ಎಚ್‌ಬಿಎ1ಸಿ ಹೆಚ್ಚುಕಡಿಮೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತೆ, ಹಬ್ಬದ ಸಾಲೂ ಮೂರೇ ತಿಂಗಳು. 5.6 ಬಂತು. ಸೊಂಟ 87, ತೂಕ ಮುಕ್ಕಾಲು ಕೆಜಿ ಕಮ್ಮಿ. ಮುಕ್ಕಾಲು ಕೆಜಿ ಏನು ಮಹಾ ಅಂತ ನಮ್ಮನೆಯವರು ನಕ್ಕರು. ಹಬ್ಬದ ಕಾಲದಲ್ಲಿ ಏರದೆ ಇದ್ದದ್ದೇ ನನಗೆ ಲಾಭ.

ಸಂಕ್ರಾಂತಿಯ ಎಳ್ಳುಬೆಲ್ಲಕ್ಕೂ ಇದೇ ನಿಯಮ. ಎಳ್ಳಿನಲ್ಲಿ ಅರ್ಧ ಪಾಲು ಎಣ್ಣೆಯೇ, ಕೊಬ್ಬರಿಯಲ್ಲಿ ಅದಕ್ಕಿಂತ ಜಾಸ್ತಿ. ಎಳ್ಳು ಬೀರೋಕೆ ಬಂದವರು ಕೊಟ್ಟ ಪೊಟ್ಟಣಗಳನ್ನ ಒಂದೇ ಡಬ್ಬಕ್ಕೆ ಸುರಿಯಲ್ಲ. ಸಂಜೆ ಕಾಫಿಗೆ ಒಂದು ಪೊಟ್ಟಣ ಬಿಚ್ಚಿ ಮನೆಯವರೆಲ್ಲ ಹಂಚಿಕೊಳ್ತೀವಿ. ಸಕ್ಕರೆ ಅಚ್ಚುಗಳನ್ನ ಯಾರೂ ಕಚ್ಚೋದಿಲ್ಲ. ರಥಸಪ್ತಮಿ ಪಾಯಸಕ್ಕೆ ಸಕ್ಕರೆ ಅಳೆಯುವ ಬದಲು ಅವನ್ನೇ ಹಾಕಿ ಕರಗಿಸ್ತೀನಿ.