ಗಂಡು ಮೀನಿನಲ್ಲಿ ಈಸ್ಟ್ರೋಜನ್ ಪ್ರಭಾವ ಪತ್ತೆ ಮಾಡುವ ಕ್ರಮ

ನೀರಿನಲ್ಲಿ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್‌ನಂತೆ ವರ್ತಿಸುವ ರಾಸಾಯನಿಕವಿದ್ದರೆ ಮೊದಲ ಸುಳಿವು ಸಿಗುವುದು ಗಂಡು ಮೀನಿನ ರಕ್ತದಲ್ಲಿ. ಮೊಟ್ಟೆಯ ಹಳದಿಗೆ ಬೇಕಾದ ವಿಟೆಲ್ಲೊಜೆನಿನ್ ಎಂಬ ಪ್ರೋಟೀನನ್ನು ಹೆಣ್ಣಿನ ಯಕೃತ್ತು ತಯಾರಿಸುತ್ತದೆ. ಗಂಡಿನಲ್ಲೂ ಆ ಜೀನ್ ಇದೆ, ಆದರೆ ಸುಮ್ಮನಿರುತ್ತದೆ; ಈಸ್ಟ್ರೋಜನ್ ತಗುಲಿದರೆ ಕೆಲಸ ಶುರುಮಾಡುತ್ತದೆ.

ಪ್ರಯೋಗಾಲಯದಲ್ಲಿ ಪ್ರಾಯದ ಜೀಬ್ರಾ ಮೀನುಗಳನ್ನು ಪರೀಕ್ಷಿಸಬೇಕಾದ ನೀರಿನಲ್ಲಿ, ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲಿ, 21 ದಿನ ಇಡಿ. ಹೋಲಿಕೆಗಾಗಿ ಶುದ್ಧ ನೀರಿನ ಇನ್ನೊಂದು ತೊಟ್ಟಿಯೂ ಬೇಕೇ ಬೇಕು. ಸೋಯಾ ಹೆಚ್ಚಿರುವ ಆಹಾರ ಹಾಕಬೇಡಿ: ಅದರಲ್ಲೇ ಸಸ್ಯ ಈಸ್ಟ್ರೋಜನ್ ಇದ್ದು, ಹೋಲಿಕೆ ಗುಂಪೂ ಕೆಡುತ್ತದೆ.

ಅರಿವಳಿಕೆ ಕೊಟ್ಟು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಲೇಪಿಸಿದ ನಳಿಕೆಯಲ್ಲಿ ರಕ್ತ ತೆಗೆಯಿರಿ. ಪ್ರೋಟೀನ್ ಒಡೆಯದಂತೆ ತಡೆಯುವ ಅಪ್ರೋಟಿನಿನ್ ಸೇರಿಸಿ ಐಸ್ ಮೇಲಿಡಿ, ತಣ್ಣಗಿರುವಾಗಲೇ ಸೆಂಟ್ರಿಫ್ಯೂಜ್ ಮಾಡಿ, ಪ್ಲಾಸ್ಮಾವನ್ನು ಮೈನಸ್ 80 ಡಿಗ್ರಿಯಲ್ಲಿ ಇಡಿ. ವಿಟೆಲ್ಲೊಜೆನಿನ್ ಬೇಗ ಒಡೆಯುತ್ತದೆ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಎಲೈಸಾ (ಪ್ರತಿಕಾಯ ಬಳಸಿ ಪ್ರೋಟೀನ್ ಅಳೆಯುವ ಪರೀಕ್ಷೆ) ಅಂಕಿ ನಂಬುವಂತಿಲ್ಲ. ಗಂಡುಗಳನ್ನೇ ಮೊದಲು ಕೊಯ್ಯಿರಿ. ಹೆಣ್ಣಿನ ರಕ್ತದ ಒಂದು ಹನಿ ಕತ್ತರಿಯಲ್ಲಿ ಉಳಿದರೂ ಗಂಡಿನ ಫಲಿತಾಂಶ ಸುಳ್ಳಾಗುತ್ತದೆ. ಎಲೈಸಾ ಕಿಟ್ ಆಯಾ ಮೀನಿನ ಜಾತಿಗೆ ಹೊಂದಬೇಕು.

ರಕ್ತ ಇತ್ತೀಚೆಗೆ ಈಸ್ಟ್ರೋಜನ್ ತಗುಲಿದ್ದನ್ನಷ್ಟೇ ಹೇಳುತ್ತದೆ, ಹಾನಿಯನ್ನು ಹೇಳುವುದು ವೃಷಣ. ಅದನ್ನು ಅಂಗಾಂಶ ಕೆಡದಂತೆ ಕಾಪಿಡುವ ಬುವಾನ್ ದ್ರಾವಣದಲ್ಲಿಟ್ಟು, ನಂತರ 70% ಆಲ್ಕೋಹಾಲಿಗೆ ಬದಲಿಸಿ, 5 ಮೈಕ್ರಾನ್ ಸೀಳುಗಳಾಗಿ ಕತ್ತರಿಸಿ. ಬುವಾನ್‌ನ ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ, ಬಾಟಲಿಯ ಬಾಯಿ ಒರೆಸಿಡಿ. ಸೂಕ್ಷ್ಮದರ್ಶಕದಲ್ಲಿ ವೀರ್ಯಾಣು ಕೋಶಗಳ ನಡುವೆ ಅಂಡಾಣು ಕೋಶ ಕಂಡರೆ ಅದು ಅಂತರಲಿಂಗ ಸ್ಥಿತಿ. ಒಂದೇ ಸೀಳು ನೋಡಿ ಬಿಡಬೇಡಿ, ಅಂಡಾಣು ಕೋಶಗಳು ಅಲ್ಲಲ್ಲಿ ಚದುರಿರುತ್ತವೆ.

ಪ್ರಮಾಣ ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಕೆನಡಾದ ಒಂಟಾರಿಯೊದ ಪ್ರಯೋಗ ಸರೋವರ 260ಕ್ಕೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜನ್ ಬೆರೆಸಲಾಯಿತು, ಲೀಟರಿಗೆ ಬರೀ 5–6 ನ್ಯಾನೋಗ್ರಾಂ. ಅಲ್ಲಿನ ಫ್ಯಾಟ್‌ಹೆಡ್ ಮಿನ್ನೊ ಎಂಬ ಸಣ್ಣ ಮೀನಿನ ಸಂತತಿ ಬಹುತೇಕ ಅಳಿದೇ ಹೋಯಿತು.