ಕಡಲಲ್ಲಿ ಮುಳುಗಿದ ದಿನ ಘಾಟಿ ಹತ್ತಬೇಡಿ

ಕಾವೇರಿ ಸಂಕ್ರಮಣ ಮುಗಿದಿರುತ್ತದೆ, ಪುತ್ತರಿಗೆ ಇನ್ನೂ ದಿನ ಇರುತ್ತದೆ. ಮಳೆ ಬಿಟ್ಟಿದೆ, ಕಾಫಿ ಕೊಯ್ಲು ಬಿರುಸಾಗಿಲ್ಲ. ಕೊಡಗಿನವರು ಕಡಲಿಗೆ ಹೊರಡಲು ಇದು ಒಳ್ಳೆಯ ಹೊತ್ತು. ಆಗ ಆಗದಿದ್ದರೆ ಕರಿಮೆಣಸು ಕೊಯ್ದು ಮುಗಿಸಿ ಏಪ್ರಿಲ್‌ನಲ್ಲಿ ಹೋಗಿ. ಮಳೆಗಾಲದಲ್ಲಿ ಮಾತ್ರ ಬೇಡ. ನೀರು ಕದಡಿರುತ್ತದೆ, ದೋಣಿಯೂ ಹೊರಡುವುದಿಲ್ಲ.

ಮೊದಲು ಮನೆಯವರೆಲ್ಲ ಕೂತು ಒಂದು ವಿಷಯ ತೀರ್ಮಾನಿಸಿ. ನೀರಿನ ಮೇಲೆ ತೇಲಿಕೊಂಡು ನೋಡಿದರೆ ಸಾಕೋ, ಒಳಗೆ ಇಳಿಯಲೇಬೇಕೋ? ತೇಲಿಕೊಂಡು, ಕೊಳವೆಯಲ್ಲಿ ಉಸಿರಾಡುತ್ತಾ ನೋಡುವುದು ಸ್ನಾರ್ಕೆಲಿಂಗ್. ಸಿಲಿಂಡರ್ ಕಟ್ಟಿಕೊಂಡು ಇಳಿಯುವುದು ಸ್ಕೂಬಾ. ಕೋರ್ಸ್ ಮಾಡದವರಿಗೂ ಸ್ಕೂಬಾ ಇದೆ, ಅದಕ್ಕೆ ಡಿಸ್ಕವರ್ ಸ್ಕೂಬಾ ಅನ್ನುತ್ತಾರೆ. 10 ವರ್ಷ ತುಂಬಿರಬೇಕು, ಇನ್‌ಸ್ಟ್ರಕ್ಟರ್ ಜೊತೆಗೇ ಇರಬೇಕು, 12 ಮೀಟರ್‌ಗಿಂತ ಕೆಳಗೆ ಹೋಗುವಂತಿಲ್ಲ.

ಇನ್ನು ಜಾಗ. ನಮಗೆ ಹತ್ತಿರದ್ದು ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ದಡದಿಂದ ಸುಮಾರು 19 ಕಿ.ಮೀ. ದೋಣಿಯಲ್ಲೇ ಹೋಗಿ, ದೋಣಿಯಿಂದಲೇ ನೀರಿಗೆ ಇಳಿಯಬೇಕು. ಕಡಲ ಅಲೆ ಅಭ್ಯಾಸ ಇಲ್ಲದ ನಮ್ಮಂಥವರಿಗೆ ವಾಂತಿ ಬರುತ್ತದೆ. ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ಎರಡು ಇಡ್ಲಿಗಿಂತ ಜಾಸ್ತಿ ತಿನ್ನಬೇಡಿ. ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಾನು ಅಂಡಮಾನ್ ಅನ್ನುತ್ತೇನೆ. ಹ್ಯಾವ್‌ಲಾಕ್‌ನ, ಅಂದರೆ ಈಗಿನ ಸ್ವರಾಜ್ ದ್ವೀಪದ, ಎಲಿಫೆಂಟ್ ಬೀಚ್‌ನಲ್ಲಿ ದಡದ ಹತ್ತಿರವೇ ಹವಳ ಕಾಣುತ್ತದೆ. ಲಕ್ಷದ್ವೀಪದ ನೀರು ತುಂಬಾ ತಿಳಿ. ಆದರೆ ಪ್ರವೇಶ ಪರವಾನಗಿ ಬೇಕು, ಹಾಗಾಗಿ ಮೊದಲೇ ಓಡಾಡಬೇಕು.

ಡೈವ್ ಸೆಂಟರ್‌ಗೆ ಫೋನ್ ಮಾಡಿದಾಗ ರೇಟ್ ಕೇಳಿ ಇಟ್ಟುಬಿಡಬೇಡಿ. ಒಬ್ಬ ಇನ್‌ಸ್ಟ್ರಕ್ಟರ್ ಎಷ್ಟು ಜನರನ್ನು ಕರೆದೊಯ್ಯುತ್ತಾರೆ? ಮೊದಲ ಸಲ ಇಳಿಯುವವರಿಗೆ ಒಬ್ಬರಿಗೆ ಒಬ್ಬರು ಇದ್ದರೇ ಚೆನ್ನ. ದೋಣಿಯಲ್ಲಿ ತುರ್ತಿಗೆ ಆಕ್ಸಿಜನ್ ಇದೆಯಾ? ಆರೋಗ್ಯದ ಫಾರಂ ತುಂಬಿಸಿಕೊಳ್ಳುತ್ತಾರಾ? ಆಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್ ಆಗಿದ್ದರೆ ಮುಚ್ಚಿಡಬೇಡಿ. ಗರ್ಭಿಣಿಯರು ಸ್ಕೂಬಾ ಮಾಡಲೇಬಾರದು. ಫಾರಂ ಕೇಳದ ಕಡೆ ನಾನಂತೂ ದುಡ್ಡು ಕಟ್ಟುವುದಿಲ್ಲ.

ಕಿವಿಯ ವಿಷಯ ನಮಗೆ ಬೇಗ ಅರ್ಥವಾಗುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟಿ, ಎಂಜಲು ನುಂಗಿದ ಕೂಡಲೇ ಟಪ್ ಅಂತ ಬಿಡುತ್ತದಲ್ವಾ, ಅದೇ ಇದು. ಮಡಿಕೇರಿಯಿಂದ ಮಂಗಳೂರಿಗೆ ಇಳಿದಾಗ ಆಗುವ ಒತ್ತಡದ ವ್ಯತ್ಯಾಸ, ನೀರಿನಲ್ಲಿ ಒಂದೂವರೆ ಮೀಟರ್ ಇಳಿದಷ್ಟೂ ಇಲ್ಲ. 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ. ಅದಕ್ಕೇ ಇಳಿಯುವ ಪ್ರತಿ ಅರ್ಧ–ಒಂದು ಮೀಟರಿಗೂ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು. ನೋವಾದರೆ ನಿಲ್ಲಿ, ಸ್ವಲ್ಪ ಮೇಲೆ ಬನ್ನಿ. ಶೀತ, ಮೂಗು ಕಟ್ಟಿದ್ದರೆ ಆ ದಿನ ಸ್ಕೂಬಾ ಬಿಟ್ಟುಬಿಡಿ. ನೀರಿನೊಳಗೆ ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’ ಅಂತ ಅರ್ಥ. ‘ಚೆನ್ನಾಗಿದ್ದೇನೆ’ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಕಣ್ಣು, ಮೂಗು ಮುಚ್ಚುವ ಮಾಸ್ಕ್ ನಿಮ್ಮ ಮುಖಕ್ಕೆ ಹೊಂದಬೇಕು. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಲ್ಲಿ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಸರಿ.

ಈಗ ಕೊಡಗಿನವರಿಗೆಂದೇ ಹೇಳಬೇಕಾದ ಮಾತು. ನಾವು ಮೊದಲ ಸಲ ನೇತ್ರಾಣಿಗೆ ಹೋದಾಗ ಅದೇ ಸಂಜೆ ವಾಪಸ್ ಹೊರಡುವ ಲೆಕ್ಕದಲ್ಲಿದ್ದೆವು. ಬುಕಿಂಗ್ ಮಾಡಿಕೊಂಡವರು ಏನೂ ಕೇಳಿರಲಿಲ್ಲ. ನೀರಿನಿಂದ ಮೇಲೆ ಬಂದು ಒದ್ದೆ ಟವೆಲ್ ಹೊದ್ದು ಕೂತಿದ್ದಾಗ ದೋಣಿಯಲ್ಲಿದ್ದ ಹುಡುಗ ಕೇಳಿದ, “ಯಾವ ಊರು ಸಾರ್?” ಮಡಿಕೇರಿ ಅಂದೆ. “ಇವತ್ತೇ ಹೋಗ್ತೀರಾ? ಬೇಡ ಸಾರ್, ಇಲ್ಲೇ ಉಳ್ಕೊಳ್ಳಿ.”

ಅವನು ಹೇಳಿದ್ದು ಸರಿ. ಆಳದಲ್ಲಿ ಉಸಿರಾಡಿದಾಗ ನೈಟ್ರೋಜನ್ ಮೈಯಲ್ಲಿ ಕರಗಿ ಉಳಿದಿರುತ್ತದೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ಕಡಿಮೆಯಾಗಿ, ಸೋಡಾ ಬಾಟಲಿ ತೆರೆದಾಗ ಏಳುವ ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು. ಕೀಲು ನೋವು, ಮರಗಟ್ಟುವಿಕೆ, ಕೆಲವೊಮ್ಮೆ ಅದಕ್ಕಿಂತ ದೊಡ್ಡ ತೊಂದರೆಯೂ ಆಗುತ್ತದೆ. ಡೈವ್ ಆದ ಕೂಡಲೇ ವಿಮಾನ ಹತ್ತಬಾರದು ಅನ್ನುವುದು ಇದಕ್ಕೇ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಜಾಸ್ತಿ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಸುಮಾರು 600 ಮೀಟರ್ ದಾಟುವ ಬೆಟ್ಟದ ದಾರಿಗೂ ಇದೇ ಲೆಕ್ಕ. ಮಡಿಕೇರಿ ಇರುವುದು 1,100 ಮೀಟರಿಗೂ ಮೇಲೆ. ವಿರಾಜಪೇಟೆ, ಕುಶಾಲನಗರ ಕೂಡ 800 ಮೀಟರ್ ದಾಟುತ್ತವೆ. ಬರೀ ನೀರಿನ ಮೇಲೆ ತೇಲಿದವರಿಗೆ ಈ ಚಿಂತೆ ಇಲ್ಲ.

ಹಾಗಾಗಿ ರೂಮ್ ಬುಕ್ ಮಾಡುವಾಗ ಡೈವ್ ಆದ ರಾತ್ರಿಯನ್ನೂ ಸೇರಿಸಿ. ಮಧ್ಯಾಹ್ನ ದಡಕ್ಕೆ ಬಂದು ಊಟ ಮಾಡಿ ಮಲಗಿ. ಮರುದಿನ ತಿಂಡಿ ತಿಂದು ಆರಾಮಾಗಿ ಹೊರಟರೂ ಸಂಪಾಜೆ ತಲುಪುವಷ್ಟರಲ್ಲಿ 24 ಗಂಟೆ ದಾಟಿರುತ್ತದೆ.